ಮುಗಿದ ಮನೆಗಳ ಪುಸ್ತಕ

"ದಾರಿ ಬಿಡ್ರೋ, ಹೆಣ ಕಾಯ್ತಾ ನಿಂತಿದ್ದವನು ಬಂದಿದ್ದಾನೆ. ಆ ಹೆಣ ಬೀಳಿಸಿದ್ಯಾರು ಅಂತ ಈಗ ನಮ್ಮನ್ನ ಕೇಳ್ತಾನಂತೆ!"

ದೊಡ್ಡಕ್ಕ ಕೂಗಿ ಹೇಳಲಿಲ್ಲ. ಆದರೂ ಲಾಂಡ್ರಿಯ ಉದ್ದನೆಯ ಹಜಾರದಲ್ಲಿ ಒಗೆಯುತ್ತಿದ್ದವರು, ಹಿಂಡುತ್ತಿದ್ದವರು, ಇಸ್ತ್ರಿ ಒತ್ತುತ್ತಿದ್ದವರು, ಮೂವತ್ತು ಮಂದಿಯೂ ಕೈ ನಿಲ್ಲಿಸಿ ತಿರುಗಿ ನೋಡಿದರು.

ಇನ್ಸ್‌ಪೆಕ್ಟರ್ ಬಾಗಿಲಲ್ಲೇ ನಿಂತ. ಕಂಕುಳಲ್ಲಿ ಒಂದು ಬಟ್ಟೆ ಚೀಲ. ಹಬೆಗೆ ಅವನ ಟೋಪಿಯ ಅಂಚಿನಲ್ಲಿ ಆಗಲೇ ಹನಿ ಕಟ್ಟಿತ್ತು.

"ಸೇನೆಯವರು ಆಳಿದ ಆರು ವರ್ಷ ಅವರ ಠಾಣೆ ಗೇಟು ತೆಗೆದು ಹಾಕಿದ್ದು ಇದೇ ಕೈ" ಎಂದಳು ದೊಡ್ಡಕ್ಕ, ಎಲ್ಲರಿಗೂ ಕೇಳುವಂತೆ. "ನಮ್ಮ ಬೀದಿಯಿಂದ ನಲವತ್ತೊಂದು ಜನ ಆ ಗೇಟಿನ ಒಳಗೆ ಹೋದ್ರು. ಪ್ರತಿಯೊಬ್ಬರಿಗೂ ಇವನೇ ಬಾಗಿಲು ತೆಗೆದ. ಹತ್ತೊಂಬತ್ತು ಜನ ಹೊರಗೆ ಬಂದ್ರು. ಮಿಕ್ಕವರೆಲ್ಲಿ ಅಂತ ಕೇಳಿದ್ರೆ ಆಗ ಇವನಿಗೆ ಕಿವಿ ಕೇಳ್ತಿರಲಿಲ್ಲ. ಈಗ ಕೇಳತ್ತೆ, ಅಲ್ವೇನಯ್ಯಾ? ಪಟ್ಟಿ ಒಂದು ಜಾಸ್ತಿ ಆಯ್ತಲ್ಲ ಭುಜದ ಮೇಲೆ."

ಇಸ್ತ್ರಿ ಸಾಲಿನಿಂದ ಯಾರೋ ಕೂಗಿದರು. "ಅಕ್ಕಾ, ಸಾರ್‌ಗೆ ಸ್ವಲ್ಪ ಗಂಜಿ ಹಾಕೋಣ್ವಾ? ಬೆನ್ನುಮೂಳೆ ಮೆತ್ತಗಿದೆ!"

ಹಜಾರವೆಲ್ಲ ನಕ್ಕಿತು. ಇನ್ಸ್‌ಪೆಕ್ಟರ್ ನಗುವಷ್ಟು ಹೊತ್ತು ನಗಲು ಬಿಟ್ಟ.

ನಗದವಳು ಒಬ್ಬಳೇ. ಬಟ್ಟೆ ಮಡಿಸುವ ಮೇಜಿನ ತುದಿಯಲ್ಲಿ ನಿಂತಿದ್ದ ಕೆಂಡನ ಹೆಂಡತಿ. ಅವಳ ಗಂಡನನ್ನು ಎಲ್ಲರೂ ಕೆಂಡ ಎಂದೇ ಕರೆಯುತ್ತಿದ್ದರು; ಇಪ್ಪತ್ತು ವರ್ಷ ಇದ್ದಿಲಿನ ಇಸ್ತ್ರಿಪೆಟ್ಟಿಗೆ ತಿಕ್ಕಿದ ಮನುಷ್ಯ. ಈಗ ಎರಡು ತಿಂಗಳಿಂದ ಜೈಲಿನಲ್ಲಿದ್ದಾನೆ. ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದುವ ಮೀಟರ್‌ನವನ ಭಾವಮೈದುನನನ್ನು ಕಾಲುವೆ ದಡದಲ್ಲಿ ಕೊಂದ ಆರೋಪ.

ಇವತ್ತು ಸಂಜೆ ಐದು ಗಂಟೆಗೆ ಕ್ಷಮಾದಾನ ಸಮಿತಿ ಇನ್ನು ತೆರೆಯದಂತೆ ಬಾಗಿಲು ಹಾಕುತ್ತದೆ. ಹೊಸ ಸರ್ಕಾರದ ಕಾನೂನು ಸರಳವಾಗಿತ್ತು. ಸೇನೆಯ ವಿರುದ್ಧ ಹೋರಾಡುವಾಗ ಚಳವಳಿಯ ಮಾತಿನಂತೆ ಮಾಡಿದ ಕೊಲೆಗೆ ಕ್ಷಮೆ. ಸ್ವಂತ ಹಗೆಗೆ ಮಾಡಿದ ಕೊಲೆಗೆ ನೇಣು. ಚಳವಳಿಯ ಮಾತು ಹೌದೋ ಅಲ್ಲವೋ ಎಂದು ಬರೆದುಕೊಡಬೇಕಾದದ್ದು ಚಳವಳಿಯ ಮುಖಂಡರು. ಈ ಊರಿನಲ್ಲಿ ಅದು ದೊಡ್ಡಕ್ಕ.

ದೊಡ್ಡಕ್ಕ ಬರೆದುಕೊಟ್ಟಿದ್ದಳು. 'ನಮಗೆ ಸಂಬಂಧವಿಲ್ಲ' ಎಂದು.

"ಅಕ್ಕಾ, ಬೈದು ಮುಗಿದಿದ್ರೆ ಎರಡು ಶರ್ಟು ತೋರಿಸಬೇಕಿತ್ತು" ಎಂದ ಇನ್ಸ್‌ಪೆಕ್ಟರ್.

"ಒಗೆಯೋಕೆ ತಂದಿದ್ರೆ ಕೌಂಟರ್‌ಗೆ ಹೋಗು."

"ಒಗೆದಾಗಿದೆ. ನೀವೇ ಒಗೆದಿದ್ದು."

ಅವನು ಇಸ್ತ್ರಿ ಮೇಜಿನ ಹತ್ತಿರ ಬಂದು ಚೀಲ ಬಿಚ್ಚಿದ. ಎರಡು ಬಿಳಿ ಶರ್ಟು. ಅಕ್ಕಪಕ್ಕ ಹಾಸಿ, ಎರಡರ ಕಾಲರನ್ನೂ ಹಿಂದಕ್ಕೆ ಮಗುಚಿದ.

ಒಂದರ ಒಳಗೆ ಕಪ್ಪು ಮಸಿಯಲ್ಲಿ ಮೂರು ಚುಕ್ಕಿ, ಕೆಳಗೊಂದು ಅಡ್ಡಗೆರೆ. ಇನ್ನೊಂದರಲ್ಲಿ ಒಂದು ಸೊನ್ನೆ, ಅದರೊಳಗೊಂದು ಚುಕ್ಕಿ.

"ಎರಡೂ ಒಂದೇ ಮನೆಯವು. ಮೀಟರ್‌ನವನ ಮನೆ. ಬೆಳಿಗ್ಗೆ ಅವನ ಹೆಂಡತಿ ಹತ್ರ ಇಸ್ಕೊಂಡು ಬಂದೆ." ಅವನು ತಲೆಯೆತ್ತಿ ಇಡೀ ಸಾಲನ್ನು ನೋಡಿದ. "ಇಲ್ಲಿ ಯಾರಾದ್ರೂ ಹೇಳಿ. ಒಂದು ಮನೆಗೆ ಎರಡು ಗುರುತು ಇರತ್ತಾ?"

ಗಂಜಿಯ ಜೋಕು ಹೇಳಿದವನು ಬಗ್ಗಿ ಒಲೆ ಊದತೊಡಗಿದ.

"ಇರಲ್ಲ ಸಾರ್." ಹೇಳಿದ್ದು ಕೆಂಡನ ಹೆಂಡತಿ. "ಒಂದು ಸಲ ಹಾಕಿದ ಗುರುತು ಆ ಮನೆ ಮುಗಿಯೋವರೆಗೂ ಅದೇ. ಮೊಮ್ಮಕ್ಕಳ ಲಂಗಕ್ಕೂ ಅದೇ."

"ನಿನ್ನನ್ನ ಯಾರೂ ಕೇಳಲಿಲ್ಲ" ಎಂದಳು ದೊಡ್ಡಕ್ಕ.

"ಕೇಳಿದ್ರಲ್ಲ ದೊಡ್ಡಕ್ಕ. ಎಲ್ಲರನ್ನೂ ಕೇಳಿದ್ರು."

ದೊಡ್ಡಕ್ಕ ಎರಡು ಶರ್ಟನ್ನೂ ಒಂದೇ ಕೈಯಲ್ಲಿ ಬಾಚಿಕೊಂಡಳು. ಅರವತ್ತು ದಾಟಿದ ಹೆಂಗಸು, ಬೆರಳುಗಳು ಒಗೆಯುವ ಸೋಡಾದಲ್ಲಿ ಬೆಂದು ಬಿಳಚಿಕೊಂಡಿದ್ದವು. ಮುಂದಿನ ವಾರ ಇದೇ ಬೆರಳುಗಳು ಹೊಸ ನಗರಸಭೆಯ ಮೊದಲ ಕಾಗದಕ್ಕೆ ಸಹಿ ಹಾಕಲಿವೆ ಎಂದು ಪತ್ರಿಕೆಗಳಲ್ಲಿ ಬಂದಿತ್ತು.

"ಒಳಗೆ ಬಾ" ಎಂದಳು.

* * *

ಗುರುತು ಹಾಕುವ ಕೋಣೆ ಚಿಕ್ಕದು. ಒಂದು ಮೇಜು, ಮಸಿಯ ಬಟ್ಟಲು, ತೆಳ್ಳನೆ ಕಡ್ಡಿಗಳ ಕಟ್ಟು, ಗೋಡೆಗೆ ಬಡಿದ ಉದ್ದ ಮೊಳೆ. ಮೇಲೆ ಹಲಗೆಯ ಗೂಡಿನಲ್ಲಿ ರಟ್ಟಿನ ಪುಸ್ತಕಗಳು. ಗೋಡೆ ಗಡಿಯಾರದಲ್ಲಿ ಮೂರೂವರೆ.

ಈ ಕೋಣೆಯಲ್ಲೇ ಮೂವತ್ತೆಂಟು ವರ್ಷ ದೊಡ್ಡಕ್ಕ ಊರಿನ ಬಟ್ಟೆಗೆಲ್ಲ ಗುರುತು ಹಾಕಿದ್ದಳು. ಹೆಸರು ಕೇಳಿದರೆ ಮರೆತಾಳು, ಗುರುತು ಮರೆಯಳು. ಸೇನೆಯವರು ಬಂದ ಮೇಲೆ ಚಳವಳಿಯೂ ಇಲ್ಲೇ ಹುಟ್ಟಿತು. ಸೇನೆಗೆ ಯಾರು ಸುದ್ದಿ ಮುಟ್ಟಿಸುತ್ತಾರೋ ಆ ಮನೆಯ ಗುರುತನ್ನು ಚಿಂದಿಯ ಮೇಲೆ ಬರೆದು ಆ ಮೊಳೆಗೆ ಚುಚ್ಚುವುದು. ಆ ಮನೆಯ ಬಟ್ಟೆ ಯಾರೂ ಮುಟ್ಟುವಂತಿಲ್ಲ. ಒಗೆಯುವವರು, ಇಸ್ತ್ರಿಯವರು, ಅಂಗಡಿಯವರು, ಕ್ಷೌರದವರು, ಎಲ್ಲರೂ ಬೆನ್ನು ತಿರುಗಿಸಬೇಕು. ಅಷ್ಟೇ ನಿಯಮ. ಭಾಷಣದಲ್ಲಿ ಕೇಳಲು ಬಹಳ ಚೆನ್ನಾಗಿರುತ್ತಿತ್ತು.

ಇನ್ಸ್‌ಪೆಕ್ಟರ್ ಕೂರಲಿಲ್ಲ. ಕೆಂಡನ ಹೆಂಡತಿ ಹಿಂದೆಯೇ ಬಂದು ಬಾಗಿಲಿಗೆ ಆತು ನಿಂತಳು. ದೊಡ್ಡಕ್ಕ ಹೋಗು ಎಂದು ಕಣ್ಣಲ್ಲೇ ಹೇಳಿದರೂ ಅಲುಗಲಿಲ್ಲ.

"ಕೊಲೆ ಆಗಿದ್ದು ಕಳೆದ ವರ್ಷ, ಒಂದು ಮಂಗಳವಾರ ಸಂಜೆ" ಎಂದ ಇನ್ಸ್‌ಪೆಕ್ಟರ್. "ಹೆಣ ಕಾಲುವೇಲಿ ತೇಲಿದ್ದು ಶನಿವಾರ. ಶನಿವಾರದವರೆಗೂ ಒಬ್ಬ ಸತ್ತಿದ್ದಾನೆ ಅಂತ ಕೊಂದವರನ್ನ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಸರಿ ತಾನೇ?"

"ನಿಮ್ಮ ಕಾಗದದಲ್ಲಿ ಇರೋದನ್ನ ನನಗ್ಯಾಕೆ ಓದಿ ಹೇಳ್ತೀಯ?"

ಅವನು ಜೇಬಿನಿಂದ ಒಂದು ಹಳೆಯ ಚೀಟಿ ತೆಗೆದ. ಲಾಂಡ್ರಿಯ ರಶೀದಿ. "ಮೀಟರ್‌ನವನ ಹೆಂಡತಿ ಒಂದು ಚೀಟಿನೂ ಬಿಸಾಡೋಳಲ್ಲ. ಡಬ್ಬದಲ್ಲಿ ಹಾಕಿಟ್ಟಿದ್ದಾಳೆ. ಇದು ಆ ವಾರದ್ದು. ಗುರುವಾರ. ಅಕ್ಷರ ನಿಮ್ಮದು. ಗುರುತು ನೋಡಿ. ಸೊನ್ನೆ, ಒಳಗೆ ಚುಕ್ಕಿ. ಹೊಸ ಗುರುತು."

ದೊಡ್ಡಕ್ಕ ಚೀಟಿ ನೋಡಲಿಲ್ಲ.

"ಹಳೇ ಗುರುತು ಗುರುವಾರದ ಹೊತ್ತಿಗೆ ಮುಗಿದಿತ್ತು. ಹೆಣ ಸಿಕ್ಕಿದ್ದು ಶನಿವಾರ. ಅದು ಹೇಗಕ್ಕಾ?"

"ಮಸಿ ಮಾಸಿತ್ತು. ಬದಲಾಯಿಸಿದೆ."

"ಮಾಸಿದ್ರೆ ಅದರ ಮೇಲೇ ತಿದ್ತೀವಿ" ಎಂದಳು ಕೆಂಡನ ಹೆಂಡತಿ, ಬಾಗಿಲಿನಿಂದ. "ಬದಲಾಯಿಸಲ್ಲ."

"ನೀನು ಸುಮ್ನಿರ್ತೀಯಾ?"

"ಎರಡು ತಿಂಗಳಿಂದ ಸುಮ್ನೇ ಇದ್ದೀನಿ ದೊಡ್ಡಕ್ಕ. ನೀವು ಏನಾದ್ರೂ ಮಾಡ್ತೀರಿ ಅಂತ. 'ಸಂಬಂಧವಿಲ್ಲ' ಅಂತ ಬರೆದುಕೊಟ್ರಿ. ನಮ್ಮನೆಯವರು ನಿಮ್ಮ ಮಾತಿಲ್ಲದೆ ಇಸ್ತ್ರಿಗೆ ಇದ್ದಿಲು ಸಹ ಹಾಕ್ತಿರಲಿಲ್ಲ. ಅವರಿಗೆ ಆ ಮೀಟರ್‌ನವನ ಮನೇಲಿ ಯಾವ ಹಗೆ? ಆ ಹುಡುಗನ ಮುಖಾನೇ ನೋಡಿರಲಿಲ್ಲ."

"ಮುಗಿದ ಮನೆಗಳ ಪುಸ್ತಕ ಎಲ್ಲಿದೆ?" ಇನ್ಸ್‌ಪೆಕ್ಟರ್ ಕೇಳಿದ.

ದೊಡ್ಡಕ್ಕನ ಕಣ್ಣು ಮೊದಲ ಸಲ ಚುರುಕಾಯಿತು. "ಸೇನೆಯವರು ದಾಳಿ ಮಾಡಿದಾಗ ಸುಟ್ಟೆ."

ಕೆಂಡನ ಹೆಂಡತಿ ಒಂದು ಮಾತೂ ಆಡದೆ ಸ್ಟೂಲು ಎಳೆದಳು. ಹತ್ತಿದಳು. ಗೂಡಿನ ಹಿಂಬದಿಗೆ ಕೈ ಹಾಕಿ, ಹಳೆಯ ಪರದೆ ಬಟ್ಟೆಯಲ್ಲಿ ಸುತ್ತಿದ ದಪ್ಪ ಪುಸ್ತಕವೊಂದನ್ನು ಇಳಿಸಿ ಮೇಜಿನ ಮೇಲಿಟ್ಟಳು. ಧೂಳು ಒರೆಸಿದ್ದೂ ಅವಳೇ.

ದೊಡ್ಡಕ್ಕ ತಡೆಯಲಿಲ್ಲ. ತಡೆಯಬಹುದಿತ್ತು. ಹಜಾರದಲ್ಲಿದ್ದ ಮೂವತ್ತು ಮಂದಿಯನ್ನು ಒಂದು ಕೂಗಿಗೆ ಕರೆಯಬಹುದಿತ್ತು.

ಯಾವುದಾದರೂ ಮನೆಯವರು ಊರು ಬಿಟ್ಟರೆ, ಇಲ್ಲವೇ ವಂಶ ಅಲ್ಲಿಗೇ ನಿಂತರೆ, ಅವರ ಕೊನೆಯ ಬಟ್ಟೆಯಿಂದ ಗುರುತನ್ನು ಕತ್ತರಿಸಿ ಈ ಪುಸ್ತಕಕ್ಕೆ ಅಂಟಿಸುವುದು ಲಾಂಡ್ರಿಯ ಪದ್ಧತಿ. ಆ ಗುರುತು ಇನ್ನು ಯಾರಿಗೂ ಹೋಗಬಾರದು. ದೊಡ್ಡಕ್ಕನ ಅತ್ತೆಯ ಕಾಲದಿಂದಲೂ ಹೀಗೇ.

ಕೆಂಡನ ಹೆಂಡತಿ ಹಾಳೆ ಮಗುಚುತ್ತ ಹೋದಳು. ಅಂಗೈಯಗಲದ ತುಂಡುಗಳು, ಕತ್ತರಿಯಿಂದ ನೀಟಾಗಿ ಕತ್ತರಿಸಿದವು. ಪಕ್ಕದಲ್ಲಿ ಕಾರಣ. 'ಊರು ಬಿಟ್ಟರು.' 'ತೀರಿಕೊಂಡರು, ಮಕ್ಕಳಿಲ್ಲ.' 'ಬೆಂಕಿಗೆ ಮನೆ ಹೋಯಿತು.'

ಕೊನೆಯ ಎರಡು ಹಾಳೆಗಳಲ್ಲಿ ನಾಲ್ಕು ತುಂಡು. ಇವು ಕತ್ತರಿಯವಲ್ಲ. ಬ್ಲೇಡಿನಿಂದ ಕುಯ್ದು ಎಳೆದವು. ಅಂಚಿನಲ್ಲಿ ನೂಲು ಎದ್ದಿತ್ತು. ಪಕ್ಕದಲ್ಲಿ ತಾರೀಕು ಮಾತ್ರ. ಕಾರಣ ಬರೆದಿರಲಿಲ್ಲ.

ನಾಲ್ಕನೆಯದು ಮೂರು ಚುಕ್ಕಿ, ಅಡ್ಡಗೆರೆ. ಬಿಳಿ ಬಟ್ಟೆ ಒಂದು ಕಡೆ ಕಂದು ಬಣ್ಣಕ್ಕೆ ತಿರುಗಿತ್ತು. ತಾರೀಕು ಬುಧವಾರದ್ದು.

"ಇದು..." ಎಂದು ಕೆಂಡನ ಹೆಂಡತಿ ಮುಟ್ಟಲು ಹೋಗಿ ಕೈ ಹಿಂತೆಗೆದಳು.

"ಕಾಲುವೇಲಿ ಸಿಕ್ಕಿದ ಹೆಣದ ಶರ್ಟಿಗೆ ಕಾಲರ್ ಇರಲಿಲ್ಲ" ಎಂದ ಇನ್ಸ್‌ಪೆಕ್ಟರ್. "ಮೀನು ಕಚ್ಚಿರಬೇಕು ಅಂತ ಬರೆದಿದ್ದಾರೆ ಸೇನೆಯ ಡಾಕ್ಟರು. ಮೀನಿಗೆ ಬ್ಲೇಡು ಯಾರು ಕೊಟ್ರೋ."

ಯಾರೂ ನಗಲಿಲ್ಲ. ಅವನೂ ನಗಿಸಲು ಹೇಳಿರಲಿಲ್ಲ.

"ಕೆಂಡನಿಗೆ ಓದೋಕೆ ಬರಲ್ಲ. ಜನರ ಮುಖ ಗೊತ್ತಿಲ್ಲ. ಗುರುತು ಗೊತ್ತು. ಅದಕ್ಕೇ ಅವನನ್ನ ಕರ್ಕೊಂಡು ಹೋಗಿದ್ದು. ಇಲ್ಲಿ ನೀರು ಕಾಯಿಸ್ತಿದ್ದ ಬಾಯ್ಲರ್‌ನವನು ಹಿಡ್ಕೊಳ್ಳೋದು, ಕೆಂಡ ಕಾಲರ್ ಮಗುಚಿ ನೋಡೋದು. ಹೌದು ಅಂದ್ರೆ ಬಾಯ್ಲರ್‌ನವನು ಹೊಡೆಯೋದು. ಆಮೇಲೆ ಕೆಂಡ ಗುರುತು ಕುಯ್ದು ತಂದು ನಿಮಗೆ ಕೊಡೋದು. ಮನೆ ಮುಗೀತಲ್ಲ, ಪದ್ಧತಿ." ಅವನು ರಶೀದಿಯನ್ನು ಜೇಬಿಗೆ ಹಾಕಿಕೊಂಡ. "ಬಾಯ್ಲರ್‌ನವನನ್ನ ಸೇನೆಯವರು ಹೋಗೋ ಮುಂಚೆ ಗುಂಡಿಟ್ಟು ಕೊಂದ್ರು. ಉಳಿದವನು ಕೆಂಡ. ನೇಣಿಗೆ ಅವನೊಬ್ಬನೇ ಸಿಕ್ಕಿದ್ದು."

"ನಾನು ಯಾರನ್ನೂ ಕೊಲ್ಲಿ ಅಂದಿಲ್ಲ" ಎಂದಳು ದೊಡ್ಡಕ್ಕ. ನಿಧಾನವಾಗಿ, ಒಂದೊಂದೇ ಮಾತು ಇಟ್ಟು. "ಬೇಕಾದ್ರೆ ನಿಮ್ಮ ಕೆಂಡನ್ನೇ ಕೇಳು. ಆ ಮನೆ ಬಟ್ಟೆ ಮುಟ್ಟಬೇಡಿ ಅಂದೆ. ಅಷ್ಟೇ ನನ್ನ ಮಾತು."

"ಬೇಡ ಅಂದ್ರಾ?"

"ಏನನ್ನ?"

"ಕೊಲ್ಲೋದನ್ನ. ಬೇಡ ಅಂದ್ರಾ?"

ದೊಡ್ಡಕ್ಕ ಮಸಿ ಬಟ್ಟಲಿನ ಮುಚ್ಚಳ ತೆಗೆದು ಮತ್ತೆ ಹಾಕಿದಳು.

"ಮೊದಲನೇದು ನಿಮಗೆ ಗೊತ್ತಿಲ್ಲದೆ ಆಯ್ತು ಅಂತಲೇ ಇಟ್ಕೊಳ್ಳೋಣ" ಎಂದ ಇನ್ಸ್‌ಪೆಕ್ಟರ್. "ಹುಡುಗರ ಬಿಸಿ ರಕ್ತ. ತಂದು ಕೊಟ್ರು, ನೀವು ಬೆಚ್ಚಿಬಿದ್ರಿ. ಸರಿ. ಎರಡನೇ ಗುರುತನ್ನ ಮೊಳೆಗೆ ಚುಚ್ಚಿದಾಗ ಏನಾಗತ್ತೆ ಅಂತ ಗೊತ್ತಿತ್ತಾ ಇಲ್ವಾ? ಮೂರನೇದು? ನಾಲ್ಕನೇದು?"

"ಹೊರಗೆ ಏನು ನಡೀತಿತ್ತು ಅಂತ ನಿನಗೆ ಗೊತ್ತಿಲ್ವಾ? ಒಬ್ಬ ಸುದ್ದಿ ಕೊಟ್ರೆ ಮಾರನೇ ದಿನ ಹತ್ತು ಮನೆ ಬಾಗಿಲು ಒಡೀತಿದ್ರು. ನಮ್ಮ ಹೆಣ್ಣುಮಕ್ಕಳನ್ನ ಜುಟ್ಟು ಹಿಡಿದು ಎಳ್ಕೊಂಡು ಹೋದ್ರು. ಆಗ ನಾನು ಕೂತು ಹುಡುಗರಿಗೆ ಬುದ್ಧಿ ಹೇಳ್ಬೇಕಿತ್ತಾ? ಅಪ್ಪಾ, ಮೆಲ್ಲಗೆ, ಯಾರಿಗೂ ಗಾಯ ಆಗದ ಹಾಗೆ ನೋಡ್ಕೊಳ್ಳಿ ಅಂತ?"

"ಹೇಳಿದ್ರೆ ಕೇಳ್ತಿದ್ರಾ?"

ದೊಡ್ಡಕ್ಕ ಮಸಿ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

"ನಮ್ಮನೆಯವರು ಕೇಳ್ತಿದ್ರು" ಎಂದಳು ಕೆಂಡನ ಹೆಂಡತಿ. "ಎರಡನೇ ಸಲ ಮನೆಗೆ ಬಂದವರು ಊಟ ಮಾಡಲಿಲ್ಲ. ಗೋಡೆ ಕಡೆ ತಿರುಗಿ ಕೂತಿದ್ರು. ನಾನು ಕೇಳಿದೆ, ದೊಡ್ಡಕ್ಕ ಏನಂದ್ರು ಅಂತ. 'ಏನೂ ಅನ್ನಲಿಲ್ಲ, ತುಂಡು ಇಸ್ಕೊಂಡು ಅಂಟು ಹಚ್ಚಿದ್ರು, ಕೈ ತೊಳ್ಕೊಂಡು ಮನೆಗೆ ಹೋಗು ಅಂದ್ರು' ಅಂತ ಹೇಳಿದ್ರು. ನೀವು ಒಂದು ಮಾತು ಬೈತೀರಿ ಅಂತ ಕಾಯ್ತಾ ನಿಂತಿದ್ರಂತೆ ದೊಡ್ಡಕ್ಕ. ಬೈದಿದ್ರೆ ಅವರು ಅವತ್ತೇ ಬಿಡ್ತಿದ್ರು."

ಹೊರಗೆ ಯಾರೋ ತೊಟ್ಟಿಗೆ ನೀರು ಬಿಟ್ಟರು. ಗೋಡೆ ಗುಂಯ್ ಎಂದಿತು.

ಮುಖಂಡರ ಕೈಗೆ ಕೊಳೆ ಮೆತ್ತುವುದಿಲ್ಲ. ಮೆತ್ತುವುದು ಇಸ್ತ್ರಿಯವನ ಕೈಗೆ, ಬಾಯ್ಲರ್‌ನವನ ಕೈಗೆ. ಗೆದ್ದ ಮೇಲೆ ಮೆರವಣಿಗೆಯಲ್ಲಿ ಮುಂದೆ ನಿಲ್ಲುವವರು ಬೇರೆ, ಜೈಲಿನ ಸಾಲಿನಲ್ಲಿ ನಿಲ್ಲುವವರು ಬೇರೆ. ಕೆಂಡನ ಹೆಂಡತಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ವಾರಕ್ಕೊಮ್ಮೆ ಆ ಸಾಲಿನಲ್ಲಿ ಅವಳೂ ನಿಲ್ಲುತ್ತಿದ್ದಳು.

ದೊಡ್ಡಕ್ಕ ಕುರ್ಚಿ ಎಳೆದು ಕೂತಳು. ಕೂತ ಮೇಲೆ ಅವಳು ಇದ್ದಕ್ಕಿದ್ದಂತೆ ಚಿಕ್ಕವಳಾಗಿ ಕಂಡಳು.

"ಬುಧವಾರ ಸಂಜೆ ಕೆಂಡ ತುಂಡು ತಂದುಕೊಟ್ಟ. ಅಂಟಿಸಿದೆ" ಎಂದಳು. "ಗುರುವಾರ ಬೆಳಿಗ್ಗೆ ಕೌಂಟರ್ ತೆಗೆದ್ರೆ ಎದುರಿಗೆ ಮೀಟರ್‌ನವನೇ ನಿಂತಿದ್ದಾನೆ. ಉಸಿರಾಡ್ತಾ ಇದ್ದಾನೆ. ಕೈಯಲ್ಲಿ ಬಟ್ಟೆ ಗಂಟು. ಪುಸ್ತಕದಲ್ಲಿ ಅಂಟು ಇನ್ನೂ ಹಸಿ. ಬಟ್ಟೆ ಬೇಡ ಅಂದ್ರೆ ಅನುಮಾನ ಬರತ್ತೆ ಅಂತ ಇಸ್ಕೊಂಡೆ."

"ಏನಂದ?"

"ಭಾವಮೈದುನ ಎರಡು ದಿನದಿಂದ ಕಾಣ್ತಿಲ್ಲ, ಈ ಕಡೆ ಬಂದಿದ್ನಾ ಅಂತ ಕೇಳಿದ. ಕೆಲಸದ ಸಂದರ್ಶನಕ್ಕೆ ಹೋಗಿದ್ದನಂತೆ. ಅವನ ಹತ್ರ ಒಳ್ಳೇ ಶರ್ಟು ಇರಲಿಲ್ಲ. 'ನನ್ನದೇ ಕೊಟ್ಟು ಕಳಿಸಿದೆ ಅಕ್ಕಾ, ಹಿಂದೆ ನೀವೇ ಇಸ್ತ್ರಿ ಮಾಡಿಕೊಟ್ಟಿದ್ದು' ಅಂದ."

ಕೆಂಡನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಕಾಲರ್ ಮಗುಚಿ ನೋಡಿದ ಕೈ ಯಾರದೆಂದು ಅವಳಿಗೆ ಗೊತ್ತಿತ್ತು. ಗುರುತು ಮನೆಯದು, ಮನುಷ್ಯನದಲ್ಲ. ಊರಿಗೆಲ್ಲ ಇದನ್ನು ಹೇಳಿಕೊಡಬಲ್ಲ ಲಾಂಡ್ರಿಯವರೇ ಅದನ್ನು ಮರೆತಿದ್ದರು.

"ಹೊಸ ಗುರುತು ಯಾಕೆ ಹಾಕಿದ್ರಿ?" ಇನ್ಸ್‌ಪೆಕ್ಟರ್ ಕೇಳಿದ. "ಹಳೇದನ್ನೇ ಹಾಕಿದ್ದಿದ್ರೆ ನಾನು ಇಲ್ಲಿ ಬಂದು ನಿಲ್ತಾನೇ ಇರಲಿಲ್ಲ."

"ಗೊತ್ತು. ಪುಸ್ತಕಕ್ಕೆ ಹೋದ ಗುರುತನ್ನ ಮತ್ತೆ ಬಟ್ಟೆಗೆ ಹಾಕೋಕೆ ಕೈ ಏಳಲಿಲ್ಲ. ಮೂವತ್ತೆಂಟು ವರ್ಷದ ಅಭ್ಯಾಸ." ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು. "ಮನುಷ್ಯನ್ನ ಸಾಯಿಸಿದ್ದಕ್ಕೆ ನಡುಗಲಿಲ್ಲ ಕಣಯ್ಯಾ ಈ ಕೈ. ಗುರುತು ತಪ್ಪು ಹಾಕೋಕೆ ನಡುಗಿತು. ಎಂಥಾ ಕೈ ನೋಡು."

"ಹಾಗಾದ್ರೆ ಬರೀರಿ." ಇನ್ಸ್‌ಪೆಕ್ಟರ್ ಒಂದು ಹಾಳೆ ಮೇಜಿನ ಮೇಲಿಟ್ಟ. ಮಡಿಸಿದ ಹಾಳೆ, ಮೇಲರ್ಧ ಮಾತ್ರ ಕಾಣುತ್ತಿತ್ತು. ಸಮಿತಿಯ ಒಪ್ಪಿಗೆ ಪತ್ರ. "ನಿಮ್ಮ ಮಾತಿನ ಮೇಲೆ ಆಯ್ತು ಅಂತ ಬರೀರಿ. ಕೆಂಡ ಬದುಕ್ತಾನೆ. ನಿಮಗೂ ಕ್ಷಮೆ ಸಿಗತ್ತೆ. ನಗರಸಭೆ ಕುರ್ಚಿ ಸಿಗದೇ ಇರಬಹುದು."

"ಕುರ್ಚಿ ಅಲ್ಲಯ್ಯಾ. ನಾಳೆ ಪೇಪರಿನಲ್ಲಿ ಬರತ್ತೆ, ಚಳವಳಿ ಅಮಾಯಕನ್ನ ಕೊಂದಿತು ಅಂತ. ಸೇನೆ ಪರ ಇದ್ದವರೆಲ್ಲ ಹಲ್ಲು ಕಿರೀತಾರೆ. ಇಪ್ಪತ್ತೆರಡು ಜನ ಸತ್ರಲ್ಲ ನಮ್ಮವರು, ಅವರ ಹೆಸರಿಗೂ ಮಸಿ."

"ಅದಕ್ಕೆ ಇಪ್ಪತ್ತಮೂರನೆಯವರು ನಮ್ಮನೆಯವರಾ?" ಎಂದಳು ಕೆಂಡನ ಹೆಂಡತಿ.

ದೊಡ್ಡಕ್ಕ ಅವಳನ್ನು ತುಂಬಾ ಹೊತ್ತು ನೋಡಿದಳು. ಹನ್ನೊಂದು ವರ್ಷ ತನ್ನ ಕೈಕೆಳಗೆ ಬಟ್ಟೆ ಮಡಿಸಿದ ಹೆಣ್ಣು. ಮದುವೆಗೆ ನಿಂತು ಮಾಡಿಸಿದ್ದೂ ದೊಡ್ಡಕ್ಕನೇ.

ಆಮೇಲೆ ಪೆನ್ನು ತೆಗೆದುಕೊಂಡಳು. ಓದಿಕೊಳ್ಳುತ್ತ, ಮೇಲೆ ಕಾಣುತ್ತಿದ್ದ ಪ್ರತಿ ಸಾಲನ್ನೂ ತುಂಬಿದಳು. 'ಗುರುತು ಕೊಟ್ಟವಳು ನಾನು. ಏನಾಗುತ್ತದೆಂದು ತಿಳಿದೂ ಕೊಟ್ಟೆ. ತಡೆಯಬಹುದಿತ್ತು, ತಡೆಯಲಿಲ್ಲ.' ಸಹಿ ಹಾಕಿದಳು. ಮಸಿ ಆರಲೆಂದು ಊದಿದಳು.

ಕೆಂಡನ ಹೆಂಡತಿ ಅಲ್ಲೇ ನೆಲಕ್ಕೆ ಕುಸಿದು ಕೂತಳು. ಎರಡು ತಿಂಗಳಲ್ಲಿ ಮೊದಲ ಸಲ ಅವಳಿಗೆ ಅಳು ಬಂತು.

ಇನ್ಸ್‌ಪೆಕ್ಟರ್ ಹಾಳೆಗೆ ಕೈ ಚಾಚಿದ.

ದೊಡ್ಡಕ್ಕ ಅದರ ಮೇಲೆ ಅಂಗೈ ಊರಿದಳು.

"ಅರ್ಜೆಂಟು ಯಾಕಯ್ಯಾ? ನಾಲ್ಕೂ ಹತ್ತು ಈಗ. ಸಮಿತಿ ಆಫೀಸು ಇಲ್ಲೇ ಎಡಕ್ಕೆ, ಐದು ನಿಮಿಷದ ದಾರಿ." ಅವಳು ಹಾಳೆಯ ಮಡಿಕೆಯನ್ನು ಬಿಚ್ಚಿ ಹೆಬ್ಬೆರಳಿನಿಂದ ನೀಟಾಗಿ ತೀಡಿದಳು. "ಬಟ್ಟೆ ಮಡಿಸೋರ ಮುಂದೆ ಹಾಳೆ ಮಡಿಸಿ ಇಡ್ತೀಯಲ್ಲ. ಕೆಳಗಿನ ಅರ್ಧದಲ್ಲಿ ಏನಿದೆ?"

"ಅದು ಗೊತ್ತಿಲ್ಲ ಅಂತ ಬರೆದ್ರೆ ನಡೆಯತ್ತೆ."

ದೊಡ್ಡಕ್ಕ ಗಟ್ಟಿಯಾಗಿ ಓದಿದಳು. "'ಸತ್ತವನು ಸೇನೆಯ ಮಾಹಿತಿದಾರನೆಂದು ಚಳವಳಿಗೆ ತಿಳಿಸಿದವರು ಯಾರು? ಅವರು ಬದುಕಿದ್ದರೆ ಅವರ ಸಹಿ.' ಗೊತ್ತಿದ್ದೂ ಗೊತ್ತಿಲ್ಲ ಅಂತ ಬರೆದ್ರೆ ಸುಳ್ಳು ಹಾಳೆ ಅಂತಾರೆ. ಕೆಂಡನ ಕ್ಷಮೆಯೂ ಹೋಗತ್ತೆ. ಅಲ್ವಾ?"

ಇನ್ಸ್‌ಪೆಕ್ಟರ್ ಟೋಪಿಯ ಅಂಚಿನ ಹನಿ ಒರೆಸಿದ.

"ಬೆಳಗಿನಿಂದ ಎಲ್ಲಾ ಪತ್ತೆ ಮಾಡಿದೆ. ಚೀಟಿ ಹುಡುಕಿದೆ, ಗುರುತು ಹುಡುಕಿದೆ, ಪುಸ್ತಕ ಇಳಿಸಿದೆ. ಒಂದು ಪ್ರಶ್ನೆ ಮಾತ್ರ ನೀನು ಕೇಳಲಿಲ್ಲ. ಯಾರು ಸುದ್ದಿ ಕೊಡ್ತಾರೆ ಅಂತ ಬಟ್ಟೆ ಒಗೆಯೋ ಹೆಂಗಸಿಗೆ ಹೇಗೆ ಗೊತ್ತಾಗ್ತಿತ್ತು?"

ಕೆಂಡನ ಹೆಂಡತಿ ಅಳು ನಿಲ್ಲಿಸಿ ತಲೆಯೆತ್ತಿದಳು.

"ಒಗೆಯೋ ಮುಂಚೆ ಪ್ರತಿ ಜೇಬಿಗೂ ಕೈ ಹಾಕಿ ನೋಡೋದು ನಾನೇ" ಎಂದಳು ದೊಡ್ಡಕ್ಕ. "ಕೆಲವು ಶನಿವಾರ ಒಂದು ಯೂನಿಫಾರಂ ಬರ್ತಿತ್ತು. ಎದೆ ಜೇಬಿನಲ್ಲಿ ನಾಲ್ಕು ಮಡಿಕೆ ಮಾಡಿದ ಚೀಟಿ. ಒಂದು ಹೆಸರು, ಒಂದು ಮನೆ. ಸೇನೆ ಠಾಣೆಯ ಹಿಂಬಾಗಿಲಿಂದ ಯಾರು ಒಳಗೆ ಹೋಗ್ತಾರೆ ಅಂತ ಗೇಟಿನಲ್ಲಿ ನಿಂತವನಿಗೆ ಗೊತ್ತಿರತ್ತೆ. ಮನಸ್ಸಾಕ್ಷಿ ಚುಚ್ಚಿರಬೇಕು, ನಮ್ಮ ಕಡೆಗೆ ತಿಳಿಸ್ತಿದ್ದ. ಒಳ್ಳೇ ಕೆಲಸಾನೇ. ಬಟ್ಟೆ ಹೊತ್ತು ತಂದು ಹಾಕ್ತಿದ್ದವನು ಬೇರೆ ಆಳು, ಅದಕ್ಕೇ ಅದು ಯಾರದು ಅಂತ ನನಗೆ ತಿಳಿಯಲ್ಲ ಅಂದ್ಕೊಂಡಿದ್ದ ಚೀಟಿ ಇಟ್ಟವನು, ಪಾಪ."

ಅವಳು ನಕ್ಕಳು. ಕೇಳಲು ಚೆನ್ನಾಗಿರಲಿಲ್ಲ ಆ ನಗು.

"ಆ ಯೂನಿಫಾರಂ ಕಾಲರಿಗೆ ಗುರುತು ಹಾಕಿದವಳೇ ನಾನು. ಹೆಣ ಕಾದವನು ಅಂತ ಮೂವತ್ತು ಜನರ ಮುಂದೆ ಬೈದೆನಲ್ಲ. ಯಾಕೆ ಬಾಯಿ ಮುಚ್ಕೊಂಡು ನಿಂತೆ? 'ನಾನೂ ನಿಮ್ಮವನೇ' ಅನ್ನಬಹುದಿತ್ತು."

"ಸಾರ್?" ಎಂದಳು ಕೆಂಡನ ಹೆಂಡತಿ.

ಇನ್ಸ್‌ಪೆಕ್ಟರ್‌ನ ಮುಖದಲ್ಲಿ ಬೆವರೋ ಹಬೆಯೋ ತಿಳಿಯುವಂತಿರಲಿಲ್ಲ. "ಆ ಹೆಸರುಗಳಿಗೆ ಏನಾಗತ್ತೆ ಅಂತ..." ಎಂದು ಶುರು ಮಾಡಿ ಅಲ್ಲಿಗೇ ನಿಲ್ಲಿಸಿದ.

"ಕ್ಷಮೆ ಚಳವಳಿಯವರಿಗೆ. ಪೊಲೀಸಿನವರಿಗಿಲ್ಲ. ಸಹಿ ಹಾಕಿದ್ರೆ ಕೆಂಡ ಹೊರಗೆ, ನೀನು ಒಳಗೆ. ಅದಕ್ಕೇ ಮಡಿಸಿಟ್ಟೆ. ಅದು ನನಗೆ ಅರ್ಥ ಆಗತ್ತೆ." ದೊಡ್ಡಕ್ಕ ಪೆನ್ನನ್ನು ಅವನ ಕಡೆ ತಳ್ಳಿದಳು. "ಅರ್ಥ ಆಗದೇ ಇರೋದು ಇನ್ನೊಂದು. ಸೇನೆಯವರು ಬಿಟ್ಟು ಹೋದ ಮಾಹಿತಿದಾರರ ಪಟ್ಟಿಯನ್ನ ಹೋದ ತಿಂಗಳು ಬಿಚ್ಚಿದ್ರಲ್ಲ, ನಾನು ಹೋಗಿ ಓದ್ಕೊಂಡು ಬಂದೆ. ನಿನ್ನ ಮೊದಲ ಮೂರು ಹೆಸರೂ ಅದರಲ್ಲಿದ್ದವು."

ಅವಳು ಪುಸ್ತಕವನ್ನು ಅವನ ಮುಂದಕ್ಕೆ ತಿರುಗಿಸಿ, ನಾಲ್ಕನೆಯ ತುಂಡಿನ ಪಕ್ಕ ಬೆರಳಿಟ್ಟಳು.

"ಮೀಟರ್‌ನವನ ಹೆಸರಿಲ್ಲ. ಹಿಂದಿನಿಂದ, ಮುಂದಿನಿಂದ, ಎರಡು ಸಲ ಓದಿದೆ. ಅವನು ಜನ್ಮದಲ್ಲಿ ಯಾರಿಗೂ ಸುದ್ದಿ ಕೊಟ್ಟವನಲ್ಲ. ಗುರುತು ಕೊಟ್ಟ ಪಾಪ ನನ್ನದು, ಬರೆದುಕೊಟ್ಟಿದ್ದೀನಿ, ತಗೋ. ಈಗ ನೀನು ಹೇಳು. ಅವನು ಸಾಯಬೇಕು ಅಂತ ನಿನಗೆ ಯಾಕಿತ್ತು?"

ಇನ್ಸ್‌ಪೆಕ್ಟರ್ ಪೆನ್ನು ಮುಟ್ಟಲಿಲ್ಲ. ಹಾಳೆ ಮುಟ್ಟಲಿಲ್ಲ. ಟೋಪಿ ಸರಿಮಾಡಿಕೊಂಡು ತಿರುಗಿದ.

"ಸಾರ್! ಸಹಿ ಸಾರ್!" ಕೆಂಡನ ಹೆಂಡತಿ ಎದ್ದು ಹಾಳೆಯನ್ನೂ ಪೆನ್ನನ್ನೂ ಬಾಚಿಕೊಂಡು ಹಿಂದೆ ಓಡಿದಳು. "ಒಂದೇ ಒಂದು ಸಹಿ... ಸಾರ್, ನಮ್ಮನೆಯವರು..."

ಹಜಾರದ ಮೂವತ್ತು ಮಂದಿಯ ನಡುವೆ ಅವನು ನಡೆದು ಹೋದ. ಯಾರೂ ಜೋಕು ಹೇಳಲಿಲ್ಲ. ಬಾಗಿಲು ದಾಟಿದ. ಮೆಟ್ಟಿಲು ಇಳಿದ. ಅವಳು ಅವನ ತೋಳು ಹಿಡಿದಳು, ಬಿಡಿಸಿಕೊಂಡ, ಒರಟಾಗಿಯಲ್ಲ.

ಎಡ ಸಮಿತಿ ಆಫೀಸಿನ ದಾರಿ. ಅವನು ಬಲಕ್ಕೆ ತಿರುಗಿದ.

ಆ ಬೀದಿಯಲ್ಲಿ ಪೊಲೀಸಿನವನಿಗೆ ಕೆಲಸವಿರುವ ಕಟ್ಟಡ ಒಂದೂ ಇಲ್ಲವೆಂದು ವಾರವಾರ ಮನೆಮನೆಗೆ ಬಟ್ಟೆ ತಲುಪಿಸುತ್ತಿದ್ದ ಅವಳಿಗೆ ಗೊತ್ತಿತ್ತು. ಬೀದಿಯ ಕೊನೆಗಿದ್ದದ್ದು ಮೀಟರ್‌ನವನ ಮನೆ; ಅವನು ಮೀಟರ್ ಓದಲು ಸುತ್ತುವ ಈ ಹೊತ್ತಿನಲ್ಲಿ ಅಲ್ಲಿರುವವಳು ಅವನ ಹೆಂಡತಿಯೊಬ್ಬಳೇ.

"ಅಲ್ಲಿಗೆ ಯಾಕೆ ಹೋಗ್ತಿದ್ದೀರಿ?" ಎಂದು ಅವಳು ಕೂಗಿದಳು.

ಅವನು ತಿರುಗಿ ನೋಡದೆ ನಡೆಯುತ್ತಲೇ ಹೋದ.